ಹಳೇ ಫೋರ್ ವೀಲ್ ಜೀಪಿನ ಎಫ್‌ಸಿ: ಎಲ್ಲಿ ಸಿಕ್ಕಿಬೀಳುತ್ತದೆ, ಮನೆಯಲ್ಲೇ ಹೇಗೆ ನೋಡಿಕೊಳ್ಳುವುದು

ನಮ್ಮ ಜೀಪು ಮಹೀಂದ್ರ ಸಿಜೆ 500 ಡಿ. 1993ರ ಮಾರ್ಚ್‌ನಲ್ಲಿ ನೋಂದಣಿ ಆಗಿದ್ದು. ಅಪ್ಪ ತಗೊಂಡಿದ್ದು, ಈಗ ಓಡಿಸುವವಳು ನಾನು. ಮೂಡಿಗೆರೆ ಕಡೆಯ ತೋಟ ನಮ್ಮದು. ಮಳೆಗಾಲದಲ್ಲಿ ಮನೆಯಿಂದ ಟಾರು ರಸ್ತೆಗೆ ಬರಬೇಕಂದ್ರೆ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಕೊಡುವ ಗೇರ್, ಹಾಕಲೇಬೇಕು. ಗೊಬ್ಬರ, ಕಾಫಿ ಚೀಲ, ಕೆಲಸದವರು, ಹುಷಾರಿಲ್ಲದ ಅಜ್ಜಿ, ಎಲ್ಲರೂ ಇದರಲ್ಲೇ ಹೋಗಿದ್ದಾರೆ.

ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓದಲ್ಲಿ ಗಾಡಿ ತೋರಿಸಿ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕು. ಕಾಗದದಲ್ಲಿ ಹೆಸರು ಏನೇ ಇರಲಿ, ನಾವೆಲ್ಲ ಇದನ್ನು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತಲೇ ಕರೆಯುತ್ತೇವೆ. ನಮ್ಮ ಜೀಪು 2008, 2013, 2018, 2023ರಲ್ಲಿ ನಾಲ್ಕು ಸಲ ಹೋಗಿ ಬಂದಿದೆ. 2018ರಲ್ಲಿ ಫೇಲ್ ಆಯಿತು. ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆವತ್ತು ಆರ್‌ಟಿಓದ ಬ್ರೇಕ್ ಇನ್ಸ್‌ಪೆಕ್ಟರ್ ಸ್ವಲ್ಪ ದೂರ ಓಡಿಸಿ ಗಟ್ಟಿಯಾಗಿ ಬ್ರೇಕ್ ಹೊಡೆಯಲು ಹೇಳಿದರು. ಹೊಡೆದೆ. ಜೀಪು ನಿಂತಿತು. ನನಗೆ ಸಮಾಧಾನವಾಯಿತು. ಅವರು ಮಾತ್ರ ಹಿಂದೆ ಹೋಗಿ ನೆಲ ನೋಡುತ್ತಾ ನಿಂತರು. "ಮೇಡಂ, ಇಳಿದು ಬನ್ನಿ, ಇಲ್ಲಿ ನೋಡಿ" ಅಂದರು. ಬಲಗಡೆ ಹಿಂದಿನ ಚಕ್ರ ಬಿಟ್ಟ ಕಪ್ಪು ಗೆರೆ ಎರಡು ಮಾರು ಉದ್ದ ಇತ್ತು. ಎಡಗಡೆ ಏನೂ ಇರಲಿಲ್ಲ. ಬರೀ ಧೂಳಿನ ಮೇಲೆ ಟಯರಿನ ಅಚ್ಚು. "ಎಡಗಡೆ ಹಿಂದಿನ ಚಕ್ರ ಹಿಡೀತಾನೇ ಇಲ್ಲ. ಘಾಟಿಯಲ್ಲಿ ಮಳೆ ಬರುವಾಗ ಹೀಗೆ ಹೊಡೆದರೆ ಗಾಡಿ ಅಡ್ಡ ತಿರುಗುತ್ತೆ. ಸರಿ ಮಾಡಿಸಿಕೊಂಡು ಬನ್ನಿ."

ಹಿಂದಿನ ವಾರವಷ್ಟೇ ಅದೇ ಜೀಪಿನಲ್ಲಿ ಎಂಟು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದಿದ್ದೆ. ಕೈಕಾಲು ತಣ್ಣಗಾಯಿತು.

ಊರಿಗೆ ಬಂದು ನಮ್ಮ ಮೆಕ್ಯಾನಿಕ್ ಭಾಯಿ ಹತ್ತಿರ ಡ್ರಮ್ ಬಿಚ್ಚಿಸಿದೆ. ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಬ್ರೇಕ್ ಶೂ ಪೂರ್ತಿ ಎಣ್ಣೆಯಲ್ಲಿ ನೆಂದು ಹೊಳೆಯುತ್ತಿತ್ತು. ಬ್ರೇಕ್ ಆಯಿಲ್‌ನ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರ್ ಸೋರಿರಬೇಕು ಅಂದುಕೊಂಡೆ. ಭಾಯಿ ಬೆರಳಿಗೆ ಹಚ್ಚಿಕೊಂಡು ಮೂಗಿನ ಹತ್ತಿರ ಹಿಡಿದರು. "ಅಕ್ಕಾ, ಇದು ಬ್ರೇಕ್ ಆಯಿಲ್ ಅಲ್ಲ. ವಾಸನೆ ನೋಡಿ, ಗೇರ್ ಆಯಿಲ್." ಗಂಧಕದ ಆ ಕೊಳೆತ ವಾಸನೆ ಒಂದು ಸಲ ಗೊತ್ತಾದರೆ ಮರೆಯುವುದಿಲ್ಲ. ಬ್ರೇಕ್ ಆಯಿಲ್ ನೀರಿನ ಹಾಗೆ ತೆಳ್ಳಗಿರುತ್ತದೆ. ಗೇರ್ ಆಯಿಲ್ ಜೇನಿನ ಹಾಗೆ ಎಳೆಯಾಗುತ್ತದೆ.

ಅಂದರೆ ಹಿಂದಿನ ಆಕ್ಸಲ್‌ನ ಎಣ್ಣೆ, ಅದನ್ನು ತಡೆಯುವ ರಬ್ಬರ್ ಸೀಲ್ ದಾಟಿ ಡ್ರಮ್ಮಿಗೆ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಸೀಲ್ ಬದಲಿಸಿ, ಹೊಸ ಶೂ ಹಾಕಿ ಕಳಿಸುತ್ತಿದ್ದರು. ಭಾಯಿ ಮಾತ್ರ ಆಕ್ಸಲ್ ಹೌಸಿಂಗಿನ ಮೇಲಿರುವ ಬ್ರೀದರ್ ಹುಡುಕಿದರು. ಅದು ಗಾಳಿ ಆಡಲಿಕ್ಕೆ ಇರುವ ಒಂದು ಸಣ್ಣ ಮೂತಿ. ಎಷ್ಟೋ ಮಳೆಗಾಲದ ಕೆಸರು ಒಣಗಿ ಅದನ್ನು ಸಿಮೆಂಟಿನ ಹಾಗೆ ಮುಚ್ಚಿತ್ತು. ಗಾಡಿ ಓಡಿದಾಗ ಆಕ್ಸಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಸೀಲನ್ನೇ ತಳ್ಳಿಕೊಂಡು ಎಣ್ಣೆಯ ಜೊತೆ ಹೊರಗೆ ಬರುತ್ತದೆ. ಬ್ರೀದರ್ ಹಾಗೇ ಬಿಟ್ಟು ಸೀಲ್ ಬದಲಿಸಿದ್ದರೆ ಹೊಸ ಸೀಲೂ ಸೋರುತ್ತಿತ್ತು.

ಹಾಗಾಗಿ ನಿಮ್ಮ ಮನೆಯ ಪರೀಕ್ಷೆ ಇಲ್ಲಿಂದ ಶುರುವಾಗಲಿ. ನಾಲ್ಕೂ ಡ್ರಮ್ಮಿನ ಒಳಬದಿಯನ್ನು ಟಾರ್ಚ್ ಹಿಡಿದು ನೋಡಿ. ಚಕ್ರದ ಒಳಮೈಯಲ್ಲಿ ಎಣ್ಣೆಯ ಕಲೆ, ಅದಕ್ಕೆ ಧೂಳು ಅಂಟಿದ ಗುರುತು ಇದ್ದರೆ ಡ್ರಮ್ ಬಿಚ್ಚಿಸಲೇಬೇಕು. ಎರಡೂ ಆಕ್ಸಲ್‌ನ ಬ್ರೀದರ್ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಬಾಯಿಯಿಂದ ಊದಿ ನೋಡಿ, ಗಾಳಿ ಆಡಬೇಕು. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಶೂ ಮೇಲಿನ ಉಜ್ಜುವ ಪಟ್ಟಿ, ಅಂದರೆ ಲೈನಿಂಗ್, ಹೊಸದು ಹಾಕಿಸಿ, ಅದೂ ಎರಡು ಬದಿಗೂ. ಒಂದು ಬದಿಗೆ ಮಾತ್ರ ಹೊಸದು ಹಾಕಿದರೆ ಬ್ರೇಕ್ ಮತ್ತೆ ಸಮ ಇರುವುದಿಲ್ಲ.

ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ದೂರದ ಚಕ್ರದಿಂದ ಶುರು ಮಾಡಬೇಕು. ನಮ್ಮ ಜೀಪಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಹತ್ತಿರದ್ದು. ಆಮೇಲೆ ಖಾಲಿ ಮಣ್ಣಿನ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹೊಡೆಯಿರಿ. ಇಳಿದು ಹೋಗಿ ಗೆರೆ ನೋಡಿ. ಇನ್ಸ್‌ಪೆಕ್ಟರ್ ನೋಡುವ ಮೊದಲು ನೀವೇ ನೋಡಿರಬೇಕು.

ಹ್ಯಾಂಡ್ ಬ್ರೇಕಿನದು ಬೇರೆ ಕತೆ. ಕಾರುಗಳಲ್ಲಿ ಅದು ಹಿಂದಿನ ಚಕ್ರ ಹಿಡಿಯುತ್ತದೆ. ನಮ್ಮಂಥ ಹಳೇ ಸಿಜೆ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಹಿಂಭಾಗದಲ್ಲಿ, ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಜಾಗದಲ್ಲಿ ಒಂದೇ ಒಂದು ಸಣ್ಣ ಡ್ರಮ್ ಇರುತ್ತದೆ. ಅಲ್ಲಿನ ಸೀಲ್ ಸೋರಿದರೆ ಎಣ್ಣೆ ನೇರ ಆ ಶೂ ಮೇಲೆಯೇ ಬೀಳುತ್ತದೆ. ಕೇಬಲ್ ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ. ಕೇಬಲ್ ಬಿಗಿ ಮಾಡುವ ಮೊದಲು ಡ್ರಮ್ಮಿನ ಕೆಳಗೆ ಕೈ ಹಾಕಿ ನೋಡಿ, ಬೆರಳಿಗೆ ಎಣ್ಣೆ ಹತ್ತಿದರೆ ಮೊದಲು ಸೀಲ್ ಕೆಲಸ.

ಪರೀಕ್ಷೆ ಮಾಡಲು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ. ಚಕ್ರದಿಂದ ಒಂದು ಗೇಣು ಕೆಳಗೆ ದೊಡ್ಡ ಕಲ್ಲಿಡಿ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ಮೆಲ್ಲಗೆ ಬಿಡಿ. ಅಲ್ಲಾಡದೆ ನಿಲ್ಲಬೇಕು. ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಈ ತರಹದ ಹ್ಯಾಂಡ್ ಬ್ರೇಕ್ ಇರುವ ಜೀಪಿನಲ್ಲಿ ಹಿಂದಿನ ಒಂದು ಚಕ್ರಕ್ಕೆ ಜ್ಯಾಕಿ ಕೊಟ್ಟು ಎತ್ತಿದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಎತ್ತಿದ ಚಕ್ರ ತಿರುಗುತ್ತದೆ, ನೆಲದಲ್ಲಿರುವ ಚಕ್ರವೂ ಉರುಳುತ್ತದೆ. ಆಕ್ಸಲ್ ನಡುವಿನ ಕ್ರೌನ್ ಒಳಗೆ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಕೆಲಸವೇ ಅದು. ಹಾಗಾಗಿ ಚಕ್ರಕ್ಕೆ ಕಲ್ಲು ಕೊಡದೆ ಯಾವತ್ತೂ ಜ್ಯಾಕಿ ಎತ್ತಬೇಡಿ, ಗಾಡಿ ಕೆಳಗೆ ತಲೆ ಹಾಕಬೇಡಿ. ಓಡುವ ಗಾಡಿಯಲ್ಲಿ ಈ ಬ್ರೇಕ್ ಎಳೆಯುವುದೂ ತಪ್ಪು, ಹೊಡೆತ ಎಲ್ಲ ಶಾಫ್ಟಿಗೇ ಬೀಳುತ್ತದೆ.

ಮುಂದೆ ಸ್ಟೇರಿಂಗ್. ಹಳೇ ಜೀಪಿನಲ್ಲಿ ಸ್ವಲ್ಪ ಆಟ ಇರುವುದು ಸಹಜ. ಕಾನೂನಿನಲ್ಲಿ ಅದಕ್ಕೊಂದು ಮಿತಿ ಇದೆ, 30 ಡಿಗ್ರಿ. ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ ಅಂದುಕೊಳ್ಳಿ. ಚಕ್ರ ನೇರ ಇಟ್ಟು, ಸ್ಟೇರಿಂಗಿಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಒಬ್ಬರು ಮೆಲ್ಲಗೆ ತಿರುಗಿಸಲಿ, ಇನ್ನೊಬ್ಬರು ಮುಂದಿನ ಚಕ್ರ ನೋಡಲಿ. ಚಕ್ರ ಅಲ್ಲಾಡಲು ಶುರುವಾಗುವ ತನಕ ಸ್ಟೇರಿಂಗ್ ಎಷ್ಟು ತಿರುಗಿತೋ ಅದೇ ಆಟ. 30ರ ಒಳಗೆ ಇದ್ದರೆ ಸಾಕು ಅಂತ ನಾನು ಹೇಳುವುದಿಲ್ಲ. ಅದರ ಅರ್ಧ ದಾಟಿದರೂ ಎಲ್ಲಿ ಸಡಿಲ ಆಗಿದೆ ಅಂತ ಹುಡುಕಬೇಕು.

ಹುಡುಕುವುದು ಕಷ್ಟವಿಲ್ಲ. ಸ್ಟೇರಿಂಗ್ ಅಲ್ಲಾಡಿಸುವಾಗ ಪ್ರತಿ ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸಲಾಕೆಯ ತುದಿಯ ಕೀಲು) ಮೇಲೂ ಕೈ ಇಡಿ, ಸವೆದಿದ್ದು 'ಟಕ್ ಟಕ್' ಅಂತ ಕೈಗೇ ಗೊತ್ತಾಗುತ್ತದೆ. ಸಲಾಕೆಗಳನ್ನು ಜೋಡಿಸುವ ಬೆಲ್ ಕ್ರ್ಯಾಂಕ್ ಇರುವ ಗಾಡಿಯಾದರೆ ಅದನ್ನೂ ಹಿಡಿದು ನೋಡಿ. ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ಹೋದರೆ ವೀಲ್ ಬೇರಿಂಗ್ ಸಡಿಲ. ಹೋಗದಿದ್ದರೆ ಚಕ್ರ ಎಡ ಬಲ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗ್. ಇಷ್ಟು ನೋಡಿಕೊಂಡು ಹೋದರೆ ಗ್ಯಾರೇಜಿನಲ್ಲಿ ಸುಮ್ನೆ ಎಲ್ಲ ಬಿಚ್ಚಿಸುವ ಖರ್ಚು ಉಳಿಯುತ್ತದೆ.

ಇನ್ನು ಚಾಸಿ, ಅಂದರೆ ಬಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು. ಮಲೆನಾಡಿನ ಜೀಪು ಸಾಯುವುದು ಇಂಜಿನ್ನಿನಿಂದ ಅಲ್ಲ, ತುಕ್ಕಿನಿಂದ. ಹಿಂದಿನ ಕಮಾನ್ ಪ್ಲೇಟು (ಸ್ಪ್ರಿಂಗ್) ಚಾಸಿಗೆ ಸೇರುವ ಜಾಗ, ಬಾಡಿ ಕೂರುವ ಬ್ರ್ಯಾಕೆಟ್ಟುಗಳು, ಅಡ್ಡಪಟ್ಟಿಯ ಮೂಲೆಗಳು, ಇಲ್ಲೆಲ್ಲ ಕೆಸರು ಕೂತು ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ಮೊದಲು ಚೆನ್ನಾಗಿ ನೀರು ಹಾಯಿಸಿ ತೊಳೆದು ಎರಡು ದಿನ ಒಣಗಿಸಿ. ಸಣ್ಣ ಸುತ್ತಿಗೆ ತಗೊಂಡು ಗೇಣಿಗೊಂದು ಪೆಟ್ಟಿನಂತೆ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ 'ಠಣ್' ಅನ್ನುತ್ತದೆ. ಒಳಗೆ ತಿಂದು ಹೋಗಿದ್ದರೆ 'ದಬ್' ಅನ್ನುತ್ತದೆ, ತುಕ್ಕಿನ ಚಕ್ಕೆ ಉದುರುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಕೆಟ್ಟ ಜಾಗ ಸಿಕ್ಕರೆ ಅದರ ಮೇಲೆ ಕಪ್ಪು ಬಣ್ಣ ಬಳಿದು ಮುಚ್ಚಬೇಡಿ. ಹಳೇ ಗಾಡಿಯ ಕೆಳಗೆ ಹೊಸ ಟಾರು ಬಣ್ಣ ಕಂಡರೆ ನೋಡುವವರಿಗೆ ಅಲ್ಲೇ ಅನುಮಾನ ಬರುತ್ತದೆ. ಬರುವುದೂ ಸರಿಯೇ. ತಿಂದು ಹೋದ ಭಾಗ ಕತ್ತರಿಸಿ, ಗಟ್ಟಿ ಕಬ್ಬಿಣ ಸಿಗುವ ತನಕ ಹೋಗಿ, ಅಷ್ಟೇ ದಪ್ಪದ ಪ್ಲೇಟ್ ಹಾಕಿ ವೆಲ್ಡ್ ಮಾಡಿಸಿ. ಪ್ಲೇಟಿನ ತುದಿ ಚೌಕ ಬೇಡ, ಮೀನಿನ ಬಾಲದ ಹಾಗೆ ಓರೆ ಇರಲಿ. ಚಾಸಿಗೆ ಅಡ್ಡಲಾಗಿ ನೇರ ಗೆರೆ ಎಳೆದ ಹಾಗೆ ವೆಲ್ಡ್ ಮಾಡಿದರೆ ಮುಂದೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವೈರ್ ಎರಡೂ ಬಿಚ್ಚಿ.

ಚಾಸಿ ನಂಬರ್ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆ ಗಾಡಿಗಳೂ ಇದರಿಂದಲೇ ವಾಪಸ್ ಬರುತ್ತವೆ. ಆರ್‌ಸಿಯಲ್ಲಿರುವ ನಂಬರ್ ಗಾಡಿಯ ಮೇಲೂ ಓದಲು ಬರಬೇಕು. ಅದರ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. 30 ವರ್ಷದ ಕೆಸರು, ಗ್ರೀಸ್, ಬಣ್ಣದ ಕೆಳಗೆ ಅದು ಮುಚ್ಚಿಹೋಗಿರುತ್ತದೆ. 2023ರಲ್ಲಿ ನಾನು ಅರ್ಧ ದಿನ ಇದಕ್ಕೇ ಕೊಟ್ಟೆ. ಹಳೇ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ಜಾಗದ ಮೇಲೆ ಒಂದು ಗಂಟೆ ಸುತ್ತಿಟ್ಟೆ. ಆಮೇಲೆ ಹಿತ್ತಾಳೆ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದೆ. ಮೊದಲು ಒಂದು 3ರ ಬೆನ್ನು ಕಾಣಿಸಿತು, ಆಮೇಲೆ ಪಕ್ಕದ 7. ತೆಳುವಾದ ಬಿಳಿ ಹಾಳೆಯನ್ನು ಸೆಲ್ಲೋ ಟೇಪಿನಲ್ಲಿ ಅಂಟಿಸಿ, ಮಗಳ ಡ್ರಾಯಿಂಗ್ ಪೆನ್ಸಿಲನ್ನು ಮಲಗಿಸಿ ಹಿಡಿದು ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೇಲೆದ್ದು ಬಂದವು. ಅವಳಿಗಂತೂ ಮ್ಯಾಜಿಕ್ ನೋಡಿದ ಖುಷಿ.

ಗ್ರೈಂಡರ್, ಒರಟು ಎಮರಿ ಕಾಗದ ಮಾತ್ರ ಮುಟ್ಟಿಸಬೇಡಿ. ಅಂಕಿಯ ಅಂಚು ಸವೆದರೆ ನಂಬರ್ ತಿದ್ದಿದ್ದಾರೆ ಅನ್ನುವ ಅನುಮಾನ ಬರುತ್ತದೆ. ಅಲ್ಲಿಂದ ಆಚೆಗೆ ಕಷ್ಟ. ತೊಳೆದ ಮೇಲೆ ತೆಳ್ಳಗೆ ಗ್ರೀಸ್ ಸವರಿಡಿ, ಮುಂದಿನ ಸಲ ಸುಲಭವಾಗುತ್ತದೆ.

ಇಂಜಿನ್ ನಂಬರನ್ನೂ ಹೀಗೇ ತಾಳೆ ನೋಡಿ. ಹಳೇ ಜೀಪುಗಳಲ್ಲಿ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದ್ದು ಬೇಕಾದಷ್ಟು. ಆರ್‌ಸಿಯಲ್ಲಿ ಅದು ದಾಖಲಾಗಿಲ್ಲ ಅಂತ ಎಫ್‌ಸಿ ದಿನ ಗೊತ್ತಾದರೆ ತಡವಾಯಿತು. ಬಣ್ಣ ಬದಲಾಗಿದ್ದರೂ ಹಾಗೇ. ಸೆಕೆಂಡ್ ಹ್ಯಾಂಡ್ ಜೀಪು ತಗೊಳ್ಳುವವರು ದುಡ್ಡು ಕೊಡುವ ಮೊದಲೇ ಈ ಎರಡು ನಂಬರ್ ಓದಿ ನೋಡಬೇಕು. ಕಂಪನಿ ಕೊಟ್ಟ ರೂಪ ಬದಲಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ದಪ್ಪ ಟಯರ್, ಮುಂದಿನ ಕಬ್ಬಿಣದ ಗಾರ್ಡ್, ಮೇಲಿನ ಸಾಲು ಲೈಟು, ಇವನ್ನೆಲ್ಲ ತೆಗೆದು ಹೋಗಿ. ನನ್ನನ್ನು ಕೇಳಿದರೆ ತೆಗೆದದ್ದನ್ನು ಮತ್ತೆ ಹಾಕಲೂಬೇಡಿ. ದೊಡ್ಡ ಟಯರ್ ಹಾಕಿದರೆ ಹಳೇ ಡ್ರಮ್ ಬ್ರೇಕಿಗೆ ಭಾರ ಜಾಸ್ತಿ ಆಗುತ್ತದೆ.

ಟಯರಿನ ಗ್ರಿಪ್ಪು ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಅದಕ್ಕಿಂತ ಮುಖ್ಯ, ಪಕ್ಕದ ಗೋಡೆಯ ಬಿರುಕು ನೋಡಿ. ತೋಟದ ಜೀಪು ಓಡುವುದು ಕಡಿಮೆ, ಗ್ರಿಪ್ಪು ಹಾಗೇ ಇರುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ.

ಲೈಟ್ ಮಂಕಾಗಿದ್ದರೆ ಬಲ್ಬ್ ತರಲು ಓಡಬೇಡಿ. ಹತ್ತರಲ್ಲಿ ಎಂಟು ಸಲ ಅರ್ಥಿಂಗ್ ತುಕ್ಕು ಹಿಡಿದಿರುತ್ತದೆ ಅನ್ನುವುದು ನನ್ನ ಅನುಭವ. ಬ್ಯಾಟರಿಯ ಮೈನಸ್‌ನಿಂದ ಒಂದು ಉದ್ದ ವೈರ್ ಎಳೆದು ಲೈಟಿನ ಬಾಡಿಗೆ ಮುಟ್ಟಿಸಿ. ತಕ್ಷಣ ಪ್ರಕಾಶ ಬಂದರೆ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ, ಅಷ್ಟೇ. ಹಾರ್ನ್, ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್, ಸ್ಪೀಡೋಮೀಟರ್, ಕನ್ನಡಿ ಎಲ್ಲವನ್ನೂ ಹಿಂದಿನ ರಾತ್ರಿ ಒಂದು ಸಲ ನೋಡಿ.

ಹೊಗೆ ಬಗ್ಗೆ ಎಲ್ಲರಿಗೂ ಹೆದರಿಕೆ. ಬಿಎಸ್-4 (ಸರ್ಕಾರದ ಹೊಗೆ ನಿಯಮದ ಒಂದು ಹಂತ) ಬರುವುದಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು, ಅದು ಹೊಗೆಯ ದಟ್ಟಣೆ ಅಳೆಯುವ ಮಾನ. ಸರಿಯಾಗಿ ನೋಡಿಕೊಂಡ ಇಂಜಿನ್ ಆ ಮಿತಿಯ ಒಳಗೇ ಬರುತ್ತದೆ. ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ಮೊದಲು ಏರ್ ಫಿಲ್ಟರ್ ತೆಗೆಯಿರಿ. ಎಣ್ಣೆ ಬಟ್ಟಲಿನ ಹಳೇ ಫಿಲ್ಟರ್ ಆದರೆ ತಳದಲ್ಲಿ ಕೆಸರು ಕೂತಿರುತ್ತದೆ, ತೊಳೆದು ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಆಮೇಲೂ ಕಪ್ಪಿದ್ದರೆ ಡೀಸೆಲ್ ಚಿಮ್ಮಿಸುವ ನಾಝಲ್, ಪಂಪ್ ಕೆಲಸ. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುತ್ತಿರುವುದು. ಅದಕ್ಕೆ ಅಡ್ಡದಾರಿ ಇಲ್ಲ, ಇಂಜಿನ್ ಬಿಚ್ಚಬೇಕು. ಹೊಗೆ ಪರೀಕ್ಷೆಗೆ ತಣ್ಣಗಿನ ಇಂಜಿನ್ ತಗೊಂಡು ಹೋಗಬೇಡಿ. ಹತ್ತು ಕಿಲೋಮೀಟರ್ ಏರು ಹತ್ತಿಸಿ, ಕೊಳವೆಯಲ್ಲಿ ಕೂತ ಮಸಿ ಎಲ್ಲ ಹೋದ ಮೇಲೆ ನಿಲ್ಲಿಸಿ. ಗಾಡಿ ನೋಡದೆ ಚೀಟಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅವರ ಹತ್ತಿರ ಹೋಗಬೇಡಿ. ಆ ಹೊಗೆ ಮೊದಲು ಹೋಗುವುದು ಹಿಂದೆ ಕೂತ ನಮ್ಮವರದೇ ಮೂಗಿಗೆ.

ಕಾಗದದ ಲೆಕ್ಕ ಹೀಗಿದೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಮೂರೂ ಚಾಲ್ತಿಯಲ್ಲಿರಲಿ. ಹಸಿರು ತೆರಿಗೆಯನ್ನೂ ಕಟ್ಟಬೇಕು. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸದಿದ್ದರೆ ಮೊದಲು ಅದನ್ನು ಮಾಡಿಸಿ. ನವೀಕರಣ ಶುಲ್ಕ ಹಿಂದೆ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ 10,000 ಮಾಡಿದರು. ತಡವಾದರೆ ತಿಂಗಳಿಗೆ 500 ದಂಡ ಬೇರೆ. ಸಣ್ಣ ಬೆಳೆಗಾರರಿಗೆ ಇದು ಸಣ್ಣ ಮೊತ್ತವಲ್ಲ. ಆದರೂ ಅದೇ ದುಡ್ಡಿನ ಭಯಕ್ಕೆ ಬ್ರೇಕಿನ ಖರ್ಚು ಉಳಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹೋಂಸ್ಟೇಗೆ ಓಡಿಸುವ ಯೆಲ್ಲೋ ಬೋರ್ಡ್ ಜೀಪಾದರೆ ಲೆಕ್ಕವೇ ಬೇರೆ. 8 ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು.

ಇದನ್ನೆಲ್ಲ ಹಿಂದಿನ ವಾರ ಶುರು ಮಾಡಿದರೆ ಆಗುವುದಿಲ್ಲ. ಹಳೇ ಜೀಪಿನ ಸೀಲ್, ಬೇರಿಂಗ್ ಕೇಳಿದ ದಿನವೇ ಸಿಗುವುದಿಲ್ಲ. ನಾನು ಎರಡು ತಿಂಗಳು ಮೊದಲೇ, ಕೊಯ್ಲು ಮುಗಿಯುವ ಹೊತ್ತಿಗೆ ಶುರು ಮಾಡುತ್ತೇನೆ.

ಕೊನೆಯದಾಗಿ, ಹೊರಡುವ ಬೆಳಿಗ್ಗೆಯ ಮಾತು. ಕೆಲವು ಕಡೆ ಈಗ ರೋಲರ್ ಯಂತ್ರದ ಮೇಲೆ ಗಾಡಿ ಹತ್ತಿಸಿ ಬ್ರೇಕ್ ಅಳೆಯುತ್ತಾರೆ. ಒಂದು ಜೋಡಿ ಚಕ್ರ ಮಾತ್ರ ರೋಲರ್ ಮೇಲೆ ತಿರುಗುತ್ತದೆ, ಇನ್ನೊಂದು ಜೋಡಿ ನೆಲದಲ್ಲಿರುತ್ತದೆ. ಫೋರ್ ವೀಲ್ ಹಾಕಿದ್ದರೆ ಜೀಪು ಜಿಗಿದು ಹೊರಗೆ ಬರುತ್ತದೆ ಇಲ್ಲವೇ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಮಣ್ಣಿನ ದಾರಿ ದಾಟಿ ಟಾರಿಗೆ ಬಂದ ತಕ್ಷಣ ಲಿವರ್ ಟೂ ವೀಲಿಗೆ ಹಾಕಿ. ಕೆಲವೊಮ್ಮೆ ಲಿವರ್ ಬಂದರೂ ಒಳಗೆ ಗೇರ್ ಕಚ್ಚಿಕೊಂಡೇ ಇರುತ್ತದೆ. ಎರಡು ಮಾರು ಹಿಂದಕ್ಕೆ ತಗೊಂಡು ಮತ್ತೆ ಮುಂದಕ್ಕೆ ಬಿಟ್ಟರೆ ಬಿಡುತ್ತದೆ. ಮುಂದಿನ ಹಬ್ಬಿನಲ್ಲಿ ಲಾಕ್ ಇದ್ದರೆ ಇಳಿದು ಎರಡನ್ನೂ ಫ್ರೀ ಮಾಡಿ. ಯಂತ್ರದ ಹತ್ತಿರ ನಿಂತವರಿಗೆ "ಇದು ಫೋರ್ ವೀಲ್ ಗಾಡಿ, ಟೂ ವೀಲಿಗೆ ಹಾಕಿದ್ದೇನೆ, ಹ್ಯಾಂಡ್ ಬ್ರೇಕ್ ಶಾಫ್ಟಿನ ಮೇಲಿದೆ" ಅಂತ ಮೊದಲೇ ಹೇಳಿ. ಹೊಸಬರಿಗೆ ಹಳೇ ಜೀಪಿನ ರೀತಿ ಗೊತ್ತಿರಬೇಕು ಅಂತೇನಿಲ್ಲ.